ನೀಲಿ ಮುಚ್ಚಳದ ಡಬ್ಬಿಗಳು

ಮಾರ್ಚ್ 2, ಭಾನುವಾರ

ಮತ್ತೊಂದು ರಾಶಿ ಡಬ್ಬಿ ತೊಳೆದು ಒಣಹಾಕಿದೆ. ವೆನಿಲ್ಲಾ ವಾಸನೆ ಹೋಗುವುದೇ ಇಲ್ಲ — ಬಿಸಿನೀರು, ನಿಂಬೆಹಣ್ಣು, ಬಿಸಿಲು, ಎಲ್ಲ ಆಯಿತು. ನಮ್ಮ ಪೇಂಟ್ ಅಂಗಡಿಯ ಪಕ್ಕದ ಐಸ್‌ಕ್ರೀಮ್‌ನವರು ಇವನ್ನು ದಿನಾ ಎಸೆಯುವುದು ನೋಡಿ ಹೊಟ್ಟೆ ಉರಿಯುತ್ತಿತ್ತು. ಕೇಳಿದೆ. ತೊಗೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ ಎಂದರು. ಬಿಳಿ ಡಬ್ಬಿ, ನೀಲಿ ಮುಚ್ಚಳ, ಎಲ್ಲ ಒಂದೇ ಅಳತೆ. ಖರ್ಚು ಸೊನ್ನೆ.

ಅಡುಗೆಮನೆಯ ಕಪಾಟು ಅತ್ತೆಯ ರಾಜ್ಯ. ಮನೆಯೂ ಅವರದೇ, ಮದುವೆಯಾದ ಮೇಲೆ ಮನೆ ಅಳಿಯನಾಗಿ ಬಂದು ಸೇರಿಕೊಂಡವನು ನಾನು. ಆ ಕಪಾಟಿನಲ್ಲಿ ಎರಡು ಡಬ್ಬಿ ಒಂದೇ ಥರ ಇದ್ದರೆ ನನ್ನಾಣೆ. ಸೊಟ್ಟ ಬಿಸ್ಕತ್ತಿನ ಟಿನ್ನು, ಮುಚ್ಚಳ ಲೊಡಲೊಡ ಅನ್ನುವ ಹಾಲಿನಪುಡಿ ಡಬ್ಬ, ಜಾಮ್ ಬಾಟಲಿ, ಕೀಲು ಕಿರುಗುಟ್ಟುವ ಚೌಕದ ಪೆಟ್ಟಿಗೆ... ದಿನವಿಡೀ ಬಣ್ಣ ಬೆರೆಸಿ ಒಂದು ಹನಿ ಹೆಚ್ಚುಕಮ್ಮಿಯಾದರೂ ಹಿಡಿಯುವ ಕಣ್ಣು ನನ್ನದು. ಅದನ್ನೆಲ್ಲ ನೋಡಲಾಗುತ್ತಿರಲಿಲ್ಲ.

ಅದೇ ದಿನ, ಸಂಜೆ 6

ಮುಗಿಯಿತು! ಅತ್ತೆ ಎದುರು ಮನೆ ಟೈಲರಮ್ಮನ ಹತ್ತಿರ ಹರಟೆಗೆ ಹೋಗಿದ್ದರು, ನನ್ನವಳು ಆಸ್ಪತ್ರೆ ಡ್ಯೂಟಿಯಲ್ಲಿ. ಎಲ್ಲ ಖಾಲಿ ಮಾಡಿ, ತುಂಬಿ, ಅಂಗಡಿಯ ಮಷೀನ್‌ನಲ್ಲಿ ಪ್ರಿಂಟ್ ಮಾಡಿದ ಲೇಬಲ್ ಅಂಟಿಸಿದೆ. ಬಟ್ಟೆ ಸೋಪಿನಪುಡಿಗೂ ಅದೇ ಡಬ್ಬಿ, ಕೆಳಗಿನ ಸಾಲು. ಮಿಲಿಟರಿ ಪೆರೇಡ್ ನಿಂತ ಹಾಗಿದೆ.

ಅತ್ತೆ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಹಳೇವೆಲ್ಲ ಎಲ್ಲಿ ಎಂದು ಕೇಳಿದರು. ಗುಜರಿಯವನಿಗೆ ಕೊಟ್ಟೆ ಎಂದೆ. ಒಳಗೆ ಬಂದು ಒಂದು ಡಬ್ಬಿ ಎತ್ತಿ ಅಲ್ಲಾಡಿಸಿ, ಚೆನ್ನಾಗಿದೆ ಅಂದರು. ಖುಷಿಗೆ ಮಾತು ಹೊರಟಿಲ್ಲ ಅಂತ ಕಾಣುತ್ತೆ.

ಮಾರ್ಚ್ 3, ಸೋಮವಾರ

ಟೀಗೆ ಉಪ್ಪು. ನನ್ನವಳು ಸಿಂಕಿಗೆ ಓಡಿದಳು, ನಾನು ಮರ್ಯಾದೆಗೆ ನುಂಗಿದೆ. ಲೇಬಲ್ ಅಂಗಡಿ ಬೋರ್ಡಿನ ಹಾಗೆ ಇದೆಯಲ್ಲ ಎಂದು ತಮಾಷೆ ಮಾಡಿದೆ. ಗಮನ ಎಲ್ಲೋ ಇತ್ತು ಎಂದರು ಅತ್ತೆ. ನಗಲಿಲ್ಲ.

ಮಾರ್ಚ್ 6, ಗುರುವಾರ

ಬಾಣಲೆಯಲ್ಲಿ ನೊರೆ. ಹಿಟ್ಟಿನ ಬದಲು ಸೋಪಿನಪುಡಿ. ಯಾರೂ ತಿನ್ನಲಿಲ್ಲ, ಸದ್ಯ. ಅತ್ತೆ ಬಾಣಲೆ ತೊಳೆದು ಬೋರಲು ಹಾಕಿ, ಮಂಡಿನೋವು, ಇನ್ನು ಅಡುಗೆ ನೀವಿಬ್ಬರೇ ನೋಡಿಕೊಳ್ಳಿ ಎಂದು ರೂಮಿಗೆ ಹೋದರು.

ಮಾರ್ಚ್ 11, ಮಂಗಳವಾರ

ಬ್ರೆಡ್ಡು. ನಿನ್ನೆಯೂ ಬ್ರೆಡ್ಡು. ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ಅತ್ತೆ ಕಿಟಕಿ ಪಕ್ಕ ಸುಮ್ಮನೆ ಕೂತಿರುತ್ತಾರೆ.

ನನ್ನವಳಿಗೆ ಬೇರೆಯೇ ಭಯ. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಯಿತೇನೋ ಎಂದು. ಇಂಥವರನ್ನು ವಾರ್ಡಿನಲ್ಲಿ ನೋಡಿದ್ದಾಳೆ ಪಾಪ. ಡಾಕ್ಟರ ಹತ್ತಿರ ಕರೆದೊಯ್ಯುವ ತನಕ ಅಮ್ಮನನ್ನು ಒಲೆ ಮುಟ್ಟಲು ಬಿಡಬಾರದು ಎಂದಳು. ಹೂಂ ಅಂದೆ.

ಮಾರ್ಚ್ 12, ಬುಧವಾರ

ಇದನ್ನು ಬರೆಯಲೇಬೇಕು.

ಕನ್ನಡಕ ಮರೆತಿದ್ದೆ. ಮಧ್ಯಾಹ್ನ ವಾಪಸ್ ಬಂದೆ. ಅತ್ತೆ ಅಡುಗೆಮನೆ ನೆಲದಲ್ಲಿ, ಸುತ್ತ ನನ್ನ ಡಬ್ಬಿಗಳು. ಒಂದೊಂದನ್ನೇ ಎತ್ತಿ ಅಲ್ಲಾಡಿಸುತ್ತಾರೆ, ಮೂಸುತ್ತಾರೆ, ಬೆರಳಿಗೆ ಹಚ್ಚಿ ನಾಲಿಗೆಗೆ ಇಡುತ್ತಾರೆ. ಲೇಬಲ್ ಕಣ್ಣೆದುರಿಗೇ ಇದೆ. ನೋಡುತ್ತಲೇ ಇಲ್ಲ.

ಬಾಗಿಲಲ್ಲೇ ನಿಂತೆ. ತಿರುಗದೆಯೇ ಹೇಳಿದರು:

"ಅಳಿಯಂದ್ರೇ, ಎಲ್ಲಾದ್ರಲ್ಲೂ ವೆನಿಲ್ಲಾನೇ ಬರತ್ತೆ."

ಪಕ್ಕದಲ್ಲಿ ಕೂತೆ. ಆಮೇಲೆ ಒಂದೊಂದಾಗಿ ಹೇಳಿದರು. ಎರಡು ವರ್ಷದಿಂದ ನೋಟದ ನಡುವೆ ಮಂಜು. ಅಂಚಿನಲ್ಲಿ ಬೆಳಕು, ನೆರಳು ಅಷ್ಟೆ. ಟೈಲರಮ್ಮನ ಜೊತೆ ಕಣ್ಣಾಸ್ಪತ್ರೆಗೂ ಹೋಗಿಬಂದಿದ್ದಾರೆ. ಹೋದ ದೃಷ್ಟಿ ಮರಳುವುದಿಲ್ಲವಂತೆ, ಇದ್ದದ್ದು ಉಳಿಯಲು ಮಾತ್ರೆ. ಸೊಟ್ಟ ಟಿನ್ನು ಅಂದರೆ ಅಕ್ಕಿ, ಲೊಡಲೊಡ ಅಂದರೆ ಸಕ್ಕರೆ, ಕಿರುಗುಟ್ಟಿದರೆ ಟೀಪುಡಿ.

ಎರಡು ವರ್ಷ! ದಿನಾ ಬೆಳಿಗ್ಗೆ ಟೀ, ನನ್ನ ಊಟದ ಡಬ್ಬಿ, ಒಂದು ದಿನವೂ ಉಪ್ಪು ಒಂದು ಚಿಟಿಕೆ ಜಾಸ್ತಿಯಿಲ್ಲ. ಮಗಳು ನರ್ಸು, ಅಳಿಯ ಬಣ್ಣದ ಪಂಡಿತ, ಇಬ್ಬರೂ ಎದುರು ಕೂತು ಉಂಡೆವು. ಏನೂ ಕಾಣಲಿಲ್ಲ. ಇದಕ್ಕಿಂತ ದೊಡ್ಡ ಅಚ್ಚರಿಯನ್ನು ನಾನು ಕಂಡಿಲ್ಲ. ಅದನ್ನು ಗುಜರಿಗೆ ಹಾಕಿದವನೂ ನಾನೇ.

ಮಗಳಿಗೆ ಹೇಳಬೇಡಿ ಎಂದು ಕೈ ಹಿಡಿದರು.

"ಗೊತ್ತಾದ್ರೆ ಕುರ್ಚಿ ಮೇಲೆ ಕೂರಿಸ್ತಾಳೆ. ಕೂತ್ರೆ ಮುಗೀತು ನಾನು."

ಬೆಂಕಿಯ ವಿಷಯ, ಮುಚ್ಚಿಡಲಾರೆ ಎಂದೆ. ಕಪಾಟು ಸರಿಮಾಡಿಕೊಡುತ್ತೇನೆ, ಮುಂದಿನ ವಾರ ನೀವೇ ಹೇಳಿ, ಅಲ್ಲಿಯವರೆಗೆ ನಾನಿಲ್ಲದಾಗ ಒಲೆ ಹಚ್ಚಬೇಡಿ ಎಂದೆ. ಒಪ್ಪಿದರು.

ಮಾರ್ಚ್ 13, ಗುರುವಾರ

ಗುಜರಿಯವನ ಹತ್ತಿರ ಹೋದೆ. ಟಿನ್ನುಗಳು ಆಗಲೇ ಜಜ್ಜಿ ತಗಡಾಗಿವೆ. ಚೌಕದ ಪೆಟ್ಟಿಗೆ ಮಾತ್ರ ಉಳಿದಿತ್ತು, ಮೊಳೆ ತುಂಬಿಕೊಂಡಿದ್ದ. ಬದಲಿಗೆ ಮೂರು ನೀಲಿ ಮುಚ್ಚಳದ ಡಬ್ಬಿ ಕೊಟ್ಟು ತಂದೆ. ಕಿರ್ ಅನ್ನಿಸಿದಾಗ ಅತ್ತೆಯ ಮುಖ ನೋಡಬೇಕಿತ್ತು.

ಮಾರ್ಚ್ 18, ಮಂಗಳವಾರ

ಬೀದಿಯವರೆಲ್ಲ ನನಗೆ ತಲೆ ಕೆಟ್ಟಿದೆ ಎನ್ನುತ್ತಿರಬೇಕು. ಒಂದೇ ಥರದ್ದು ಬೇಡ, ಸೊಟ್ಟಗಿರುವುದು ಕೊಡಿ ಎಂದು ಕೇಳುತ್ತೇನೆ. ಟೈಲರಮ್ಮ ಗುಂಡಿ ಹಾಕಿಡುವ ಟಿನ್ನು ಖಾಲಿ ಮಾಡಿ ಕೊಟ್ಟರು. ಬೇಕರಿಯವರು ಉದ್ದ ಕತ್ತಿನ ಬಾಟಲಿ. ನೀಲಿ ಮುಚ್ಚಳದವನ್ನೂ ಬಿಟ್ಟಿಲ್ಲ: ಒಂದರ ಸೊಂಟಕ್ಕೆ ಹುರಿ ಸುತ್ತಿದೆ, ಒಂದರ ಮುಚ್ಚಳಕ್ಕೆ ಗುಂಡಿ ಹೊಲಿಸಿದೆ. ಸೋಪಿನಪುಡಿಗೆ ಮನೆಯ ಹೊರಗೆ, ಬಕೆಟ್ಟಿನಲ್ಲಿ ಗಡೀಪಾರು.

ಪ್ರತಿಯೊಂದಕ್ಕೂ ಅತ್ತೆಯ ಪರೀಕ್ಷೆ. ತೂಗುತ್ತಾರೆ, ತಟ್ಟುತ್ತಾರೆ, ಅರ್ಧದಷ್ಟು ಫೇಲ್. ನನಗೂ ಕಣ್ಣು ಮುಚ್ಚಿಸಿದರು. ಗಾಜಿನಲ್ಲಿ ಅಕ್ಕಿ ಒಂದು ಸದ್ದು, ತಗಡಿನಲ್ಲಿ ಇನ್ನೊಂದು. ಡಬ್ಬಿ ಖಾಲಿಯಾಗುತ್ತ ಬಂದಂತೆ ಸದ್ದು ಮೇಲಕ್ಕೇರುತ್ತದೆ! ಇಷ್ಟು ವರ್ಷ ಈ ಮನೆಯಲ್ಲಿದ್ದೇನೆ, ಕೇಳಿಯೇ ಇರಲಿಲ್ಲ. ಮೆಣಸು ಎಂದು ಸಾಸಿವೆ ಹಿಡಿದಾಗ ಅತ್ತೆ ನಕ್ಕರು. ಎಷ್ಟೋ ದಿನಕ್ಕೆ.

ಮಾರ್ಚ್ 23, ಭಾನುವಾರ

ಅತ್ತೆಯೇ ಹೇಳಿದರು. ಮಗಳು ಮೊದಲು ನಂಬಲಿಲ್ಲ. ಬೆರಳು ತೋರಿಸಿ ಎಷ್ಟು ಎಂದು ಕೇಳಿದಳು. ಆಮೇಲೆ ಅತ್ತಳು, ಆಮೇಲೆ ನನ್ನ ಮೇಲೆ ಹರಿಹಾಯ್ದಳು, ಮುಚ್ಚಿಟ್ಟೆ ಎಂದು. ಒಲೆ ಬೇಡವೇ ಬೇಡ ಎಂದಳು.

"ಒಂದು ಸಲ ನೋಡು," ಅಂದರು ಅತ್ತೆ. "ಆಮೇಲೆ ನೀನು ಹೇಳಿದ ಹಾಗೆ."

ಇಬ್ಬರೂ ಕುರ್ಚಿ ಹಾಕಿಕೊಂಡು ಕೂತೆವು. ಅತ್ತೆಯ ಕೈ ಕಪಾಟಿಗೆ ಹೋಯಿತು, ಎಲ್ಲೂ ತಡವರಿಸಲಿಲ್ಲ. ಹುರಿ, ಗುಂಡಿ, ಉದ್ದ ಕತ್ತು, ಕಿರ್. ಕಡ್ಡಿ ಗೀರಿದಾಗ ನನ್ನವಳು ಅರ್ಧ ಎದ್ದಳು.

"ಕೂತ್ಕೊ. ಕುರ್ಚಿ ಸದ್ದು ಮಾಡ್ತು."

ಕೂತಳು. ಜ್ವಾಲೆಯ ಸದ್ದಿಗೆ ಕಿವಿಗೊಟ್ಟು ಉರಿ ತಗ್ಗಿಸಿದರು. ನೀರು ಕುದಿಯುವ ಮೊದಲೇ, ಈಗ ಕುದಿಯುತ್ತೆ ಎಂದರು. ಕುದಿಯಿತು. ನನ್ನವಳು ಬಾಯಿಗೆ ಸೆರಗು ಒತ್ತಿಕೊಂಡು ಅಮ್ಮನ ಕೈಗಳನ್ನೇ ನೋಡುತ್ತಿದ್ದಳು, ಮೊದಲ ಸಲ ನೋಡುವವಳ ಹಾಗೆ.

ಊಟವಾಯಿತು. ಉಪ್ಪು ಸರಿಯಾಗಿತ್ತು. ತಟ್ಟೆ ಎತ್ತುತ್ತ ನನ್ನವಳು, ಯೋಚನೆ ಮಾಡುತ್ತೇನೆ ಎಂದಷ್ಟೇ ಹೇಳಿದಳು.

ಮಾರ್ಚ್ 26, ಬುಧವಾರ, ಸಂಜೆ

ಎರಡು ದಿನ ಮತ್ತೆ ಬ್ರೆಡ್ಡು. ಅತ್ತೆ ಮತ್ತೆ ಕಿಟಕಿ ಪಕ್ಕ.

ಈಗ ನನ್ನವಳು ಡ್ಯೂಟಿ ಮುಗಿಸಿ ಬಂದಳು. ಚಪ್ಪಲಿ ಕೂಡ ಬಿಡಲಿಲ್ಲ. ಬ್ಯಾಗಿನಿಂದ ಒಂದು ಬಾಟಲಿ ತೆಗೆದಳು, ವಾರ್ಡಿನ ವಿಟಮಿನ್ ಮಾತ್ರೆಯದು, ಖಾಲಿ, ತೊಳೆದು ಒರೆಸಿದ್ದು. ಮುಚ್ಚಳದ ಸುತ್ತ ಗೀರು ಗೀರು. ಅಮ್ಮನ ಕೈಯಲ್ಲಿಟ್ಟಳು.

"ಉಪ್ಪಿಗೆ ಇದು ಇರ್ಲಿ. ಇಂಥದ್ದು ನಿನ್ನ ಕಪಾಟಲ್ಲಿ ಇಲ್ಲ."

ಅತ್ತೆ ಮುಚ್ಚಳದ ಗೀರುಗಳ ಮೇಲೆ ಬೆರಳಾಡಿಸಿದರು, ಒಂದು ಸುತ್ತು, ಇನ್ನೊಂದು ಸುತ್ತು. ಎದ್ದರು. ಅಡುಗೆಮನೆಗೆ ಹೋದರು. ನಾವಿಬ್ಬರೂ ಕೇಳುತ್ತಿದ್ದೇವೆ — ಹುರಿಯ ಡಬ್ಬಿ ಸರಿಯಿತು... ಕಿರ್... ಈಗ ಕಡ್ಡಿ ಗೀರಿದ ಸದ್ದು.