ಕಿಟಕಿ ಸಂದಿಯ ಬಟ್ಟೆ

ಹಿತ್ತಲಿಗೆ ಹೋಗಿ ಕೂತ ನಮ್ಮ ಮನೆಯವರಿಗೆ,

ಎದುರು ನಿಂತು ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತೀರಿ. ಅದಕ್ಕೇ ಊಟದ ಡಬ್ಬಿಯ ಜೊತೆ ಈ ಕಾಗದ.

"ನಿನ್ನ ಕೈ ನಡುಗುತ್ತೆ ಅಪ್ಪ, ಗಡಿಯಾರ ರಿಪೇರಿ ಇನ್ನು ಸಾಕು ಮಾಡು" ಎಂದು ಮಗಳು ಅಂದದ್ದಕ್ಕೆ ನೀವು ಸಾಮಾನು ಕಟ್ಟಿಕೊಂಡು ಕೈತೋಟದ ಶೆಡ್ಡು ಸೇರಿ ಇವತ್ತಿಗೆ ಒಂಬತ್ತು ದಿನ. ಅಲ್ಲಿ ಕರೆಂಟಿಲ್ಲ. ಚಳಿಗೆ ಕೈ ಇನ್ನಷ್ಟು ನಡುಗುತ್ತದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಮೇಲೂ ಸಿಟ್ಟಾಗುತ್ತೀರಿ.

ಒಂದು ಮಾತು ಕೇಳಿ. ಆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಹೊರಗಿಡಿ. ಗಡಿಯಾರದೊಳಗೆ ಧೂಳು ಕೂರುತ್ತದೆಂದು ನೀವು ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕುತ್ತೀರಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಮಲಗಿದಲ್ಲೇ ಹೋಗಿದ್ದಾರೆ. ತಲೆನೋವಿನ ಮಾತ್ರೆ ಬೇಕೆಂದು ನಿನ್ನೆ ಖಾಲಿ ಡಬ್ಬಿಯಲ್ಲಿ ಚೀಟಿ ಕಳಿಸಿದಿರಲ್ಲ, ಅದು ಆ ಕೆಂಡದ ಗಾಳಿಯಿಂದ ಬಂದ ತಲೆನೋವೇ ಇರಬೇಕು.

ಒಲೆಯಲ್ಲಿ ಕಾಯಿಸಿದ ನಾಲ್ಕು ಇಟ್ಟಿಗೆಗಳನ್ನು ಹಳೇ ಕಂಬಳಿಯಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಿದ್ದೇನೆ. ಮೇಜಿನ ಕೆಳಗೆ, ಕಾಲ ಹತ್ತಿರ ಇಟ್ಟುಕೊಳ್ಳಿ. ಆರಿದ ಮೇಲೆ ಹೊರಗಿಡಿ, ಮತ್ತೆ ಕಾಯಿಸಿ ತರುತ್ತೇನೆ.

ಕಿಟಕಿಯ ಬಟ್ಟೆ ದಿನಾ ಗಾಳಿಗೆ ಬೀಳುತ್ತದೆ ಎಂದು ನೀವು ಗೊಣಗುವುದು ಅಡುಗೆಮನೆಗೂ ಕೇಳಿಸುತ್ತದೆ. ಗಾಳಿಯಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಮಗಳು ಬಂದು ಅದನ್ನು ಕಿತ್ತುಹಾಕುತ್ತಾಳೆ. ಒಳಗೆ ನೀವು ಕೆಮ್ಮಿದ್ದು ಕೇಳಿಸಿದ ಮೇಲೆ ಹೋಗುತ್ತಾಳೆ.

ಇವತ್ತು ನೀವು ಕೆಮ್ಮುವುದು ತಡವಾಯಿತು. ಬಸ್ಸು ಹೋದರೂ ಅವಳು ಆ ಕಿಟಕಿ ಬಿಟ್ಟು ಕದಲಲಿಲ್ಲ.

ಇಂತಿ,
ನಿಮ್ಮವಳು