ಪಟ್ಟಿಯಲ್ಲಿ ತಂಗಿಯ ಹೆಸರು

ಮಾರ್ಚ್ 4, ಬುಧವಾರ

...ದೇವರಿಗೆ ಹೇಳು, ಕೂಟದವರಿಗೆ ಬೇಡ — ತಂಗಿ ಹೀಗೇ ಅಂದಳೋ, ‘ದೇವರಿಗೆ ಮಾತ್ರ’ ಅಂದಳೋ. ಸರಿಯಾಗಿ ನೆನಪಿಲ್ಲ. ಅವಳು ಗಂಡನನ್ನು ಬಿಟ್ಟು ಬಾಡಿಗೆ ರೂಮು ಹಿಡಿದ ವಿಷಯ. ಸಂಜೆ ಪ್ರಾರ್ಥನಾ ಕೂಟದಲ್ಲಿ ಹೇಳಿಬಿಟ್ಟೆ. ಹೆಸರು ಹಿಡಿದು. ‘ಅವಳ ಹಟ ಮುರಿಯಲಿ, ಕರ್ತನೇ.’ ಧ್ವನಿ ನಡುಗಿತು. ನಡುಗಿದ್ದು ಚೆನ್ನಾಗಿತ್ತು. ಕಣ್ಣೀರಮ್ಮ — ಕೂಟದಲ್ಲಿ ಎಲ್ಲರಿಗಿಂತ ಮೊದಲು ಅಳುವವರು — ಪ್ರಾರ್ಥನೆಯ ಪಟ್ಟಿಗೆ ಬರೆದುಕೊಂಡರು.

ಮಾರ್ಚ್ 9

ಹಲ್ಲು ಕಟ್ಟುವ ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಅಚ್ಚಿನ ದವಡೆಗಳು. ಮೇಣ, ಪ್ಲಾಸ್ಟರು, ಉಗುರಿನಲ್ಲೆಲ್ಲ ಬಿಳಿ. ತಂಗಿಯ ಫೋನು.

‘ಅಣ್ಣ, ನಿಮ್ಮ ಕೂಟದೋರು ದಿನಾ ಬಂದು ಬಾಗಿಲಲ್ಲಿ ಹಾಡ್ತಾರೆ. ಓನರಮ್ಮ ಯಾರು ತೀರ್ಕೊಂಡ್ರು ಅಂತ ಕೇಳಿದ್ಲು.’

ನಗು ಬಂತು. ಅವಳು ನಗಲಿಲ್ಲ.

‘ಹೆಸರು ತೆಗೆಸು.’

ಅವಳ ‘ಸ’ ಈಗಲೂ ಸ್ವಲ್ಪ ಸೀಟಿ ಹೊಡೆಯುತ್ತದೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಮುಂದಿನ ಹಲ್ಲು ಮುರಿದುಕೊಂಡಾಗ ನಾನೇ ಮಾಡಿಕೊಟ್ಟ ಹಲ್ಲು.

ಮಾರ್ಚ್ 11, ಬುಧವಾರ

ಕೂಟದಲ್ಲಿ ಕೇಳಿದೆ. ಪಟ್ಟಿಗೆ ಬಂದ ಹೆಸರು, ಪ್ರಾರ್ಥನೆ ಫಲಿಸಿತು ಅಂತ ಸಭೆಯ ಮುಂದೆ ಸಾಕ್ಷಿ ಹೇಳದೆ ಹೋಗುವುದಿಲ್ಲವಂತೆ.

‘ವಾಪಸ್ ಹೋದ್ಲಾ?’ — ಕಣ್ಣೀರಮ್ಮ.

‘ಇಲ್ಲ.’

‘ಮತ್ತೆ?’

ತಪ್ಪು ನನ್ನದು, ಅವಳಿಗೆ ತೀರ್ಪು ಕೊಡಲು ನಾನು ಯಾರು, ಅಂದೆ.

‘ಎಂಥ ತಗ್ಗಿದ ಮನಸ್ಸು ನೋಡಿ ಇವರದ್ದು!’

ಹೀಗಂದು ಸಭಾ ಹಿರಿಯರು ಬೆನ್ನು ತಟ್ಟಿದರು. ಖುಷಿಯಾಯಿತು. ದಾರಿಯುದ್ದಕ್ಕೂ ನನ್ನ ತಗ್ಗಿದ ಮನಸ್ಸನ್ನೇ ನೋಡಿಕೊಂಡು ಬಂದೆ. ಹೆಸರು ಅಲ್ಲೇ ಉಳಿಯಿತು.

ಮಾರ್ಚ್ 30

ಹೋದಳಂತೆ, ಗಂಡನ ಮನೆಗೆ. ಓನರಮ್ಮ ರೂಮು ಬಿಡಿಸಿದಳು — ದಿನಾ ಈ ಗದ್ದಲ ಬೇಡ ಅಂತ. ನನ್ನ ಮನೆ ಎರಡೇ ಬೀದಿ ಆಚೆ. ಬರಲಿಲ್ಲ.

‘ಪ್ರಾರ್ಥನೆ ಕೈಗೂಡ್ತು!’ ಕಣ್ಣೀರಮ್ಮ ಅತ್ತರು. ಹನ್ನೆರಡನೇ ತಾರೀಖು ಆರಾಧನೆಯಲ್ಲಿ ಸಾಕ್ಷಿ ನಾನೇ ಹೇಳಬೇಕು. ಆಗಲಿ ಅಂದೆ. ಅಂದದ್ದು ನನ್ನ ಬಾಯಿಯೇ.

ಏಪ್ರಿಲ್ 11, ಶನಿವಾರ, ಮಧ್ಯಾಹ್ನ 3

ಕ್ಲಿನಿಕ್ಕಿನಿಂದ ಡಬ್ಬಿ, ಒಳಗೆ ಯಾರದೋ ಬಾಯಿಯ ಅಚ್ಚು. ಚೀಟಿಯಲ್ಲಿ ನಂಬರು ಮಾತ್ರ, ಹೆಸರು ಬರೆಯುವ ಪದ್ಧತಿ ಇಲ್ಲ. ಅಚ್ಚಿಗೆ ಪ್ಲಾಸ್ಟರು ಸುರಿದೆ. ಗಟ್ಟಿಯಾದ ಮೇಲೆ ಬಿಡಿಸಿದೆ. ಮೇಲ್ದವಡೆ.

ಎಡಗಡೆಯ ಮುಂದಿನ ಹಲ್ಲು ನನ್ನ ಕೆಲಸ, ಹೋದ ವರ್ಷದ್ದು. ಅಂಚಿನ ಸಣ್ಣ ಓರೆ ನಾನೇ ಇಟ್ಟದ್ದು, ಪಕ್ಕದ ಹಲ್ಲಿಗೆ ಹೊಂದಲಿ ಅಂತ.

ಪಕ್ಕದ ಹಲ್ಲು ಇಲ್ಲ.

ಚೀಟಿಯಲ್ಲಿ ಹಲ್ಲಿನ ಬಣ್ಣದ ನಂಬರು ಬರೆಯಲು ಮರೆತಿದ್ದಾರೆ. ಬೇಕಾಗಿಲ್ಲ... ಗೊತ್ತು.

3.40

ಕಣ್ಣೀರಮ್ಮನ ಫೋನು. ‘ನಾಳೆ ಬಿಳಿ ಶರ್ಟು ಹಾಕ್ಕೊಂಡು ಬನ್ನಿ. ಗಂಡ ಹೆಂಡ್ತಿ ಇಬ್ಬರನ್ನೂ ಮುಂದಿನ ಸಾಲಲ್ಲೇ ಕೂರಿಸ್ತೀವಿ.’

ಹೂಂ ಅಂದೆ. ಮತ್ತೆ ಹೂಂ. ದವಡೆ ಅಂಗೈಯಲ್ಲೇ ಇತ್ತು, ಇನ್ನೂ ಸ್ವಲ್ಪ ಬೆಚ್ಚಗೆ.

ಬಚ್ಚಲಲ್ಲಿ ಜಾರಿದೆ ಅಂದಿದ್ದಳು. ‘ಹೌದಾ’ ಅಂದು ನಾನು ಹಲ್ಲಿನ ಬಣ್ಣ ಹುಡುಕತೊಡಗಿದ್ದೆ.

ತಂಗೀ, ಅವತ್ತು ಅಷ್ಟು ಹೊತ್ತು ಬಾಯಿ ತೆರೆದು ಕೂತಿದ್ದೆಯಲ್ಲ — ನಾನು ಇನ್ನೊಂದು ಸಲ ಕೇಳಲಿ ಅಂತ ಕಾಯ್ತಾ ಇದ್ದೆಯಾ?