ರದ್ದಾದ ಪರೀಕ್ಷೆಯನ್ನು ಬರೆದೆವು

ಗ್ರೋನಿಂಗನ್, ಅಕ್ಟೋಬರ್ 2020

ಅಜ್ಜಾ,

ಕೆಮ್ಮು ಹೋಗಿದೆ, ನಾಲಗೆಗೆ ರುಚಿ ಇನ್ನೂ ಮರಳಿಲ್ಲ. ಕಾಲೇಜಿನ ಬಾಗಿಲು ತೆರೆದಿಲ್ಲ. ಮೊನ್ನೆ ಈರುಳ್ಳಿ ಹೆಚ್ಚುತ್ತಿದ್ದಾಗ, ಈ ಬಾಡಿಗೆ ಮನೆಯ ಹಿರಿಯ ವಿದ್ಯಾರ್ಥಿ ವೀಬೆ ಕೆಣಕಿದ: "ಏನಮ್ಮಾ ಕೊರೋನಾ ಪಾಸು, ಇದಕ್ಕೂ ಗ್ರೇಸ್ ಮಾರ್ಕ್ಸ್ ಕೊಡ್ಲಾ?"

ಪರೀಕ್ಷೆಯೇ ದಬ್ಬಾಳಿಕೆ ಎಂದು ಕರಪತ್ರ ಹಂಚಿದವಳು ನಾನು. ಈಗಲೂ ಅದೇ ನನ್ನ ಮಾತು. ಆದರೆ ರೋಗಕ್ಕೆ ಹೆದರಿ ಸರ್ಕಾರ ಶಾಲೆಯ ಕೊನೆಯ ಪರೀಕ್ಷೆಯನ್ನು ರದ್ದುಮಾಡಿ, ವರ್ಷದ ಅಂಕಗಳ ಮೇಲೆಯೇ ಪಾಸು ಮಾಡಿದ್ದು ನಮ್ಮ ಗೆಲುವಲ್ಲ. "ಗಡಿಯಾರ ಹಿಡ್ಕೊಂಡು ಕೂತ್ಕೊಳೋ" ಎಂದು ಅವನಿಗೆ ಹೇಳಿ, ಹಳೆಯ ಗಣಿತ ಪತ್ರಿಕೆ ಬಿಡಿಸಲು ಕುಳಿತೆ. ಮನೆಯ ಉಳಿದ ನಾಲ್ವರು ಹೊಸಬರೂ ಕರೆಯದೆಯೇ ಬಂದು ಅಡುಗೆಮನೆಯ ಮೇಜಿನ ಸುತ್ತ ಮೂರು ಗಂಟೆ ಬರೆದರು. ಯಾರೂ ತಲೆಯೆತ್ತಲಿಲ್ಲ. ತಿದ್ದುವಾಗ ವೀಬೆ ನಗಲಿಲ್ಲ.

ಅವರೆಲ್ಲ ಪಾಸು, ನಾನೊಬ್ಬಳೇ ನಪಾಸು. ಜೂನಿನಲ್ಲಿ ನೀನು ಇಲ್ಲಿನ ಪದ್ಧತಿಯಂತೆ ಬಾವುಟದ ಕೋಲಿಗೆ ನನ್ನ ಶಾಲೆಯ ಚೀಲ ಕಟ್ಟಿ, ಮೊಮ್ಮಗಳು ಪಾಸಾದಳೆಂದು ಊರಿಗೆಲ್ಲ ಸಾರಿದ್ದು ಸ್ವಲ್ಪ ಬೇಗವಾಯಿತು. ಶನಿವಾರ ಆ ಪರೀಕ್ಷೆಯನ್ನು ಮತ್ತೆ ಬರೆಯುತ್ತೇನೆ.

ಹಿಲ್ಕೆ